ಗುರುಬಸವ್ವ ಮಡಚಿಟ್ಟು ಹೋದ ಕಾಗದದ ಕಮಲ

ಸಭೆಗೆ ಬಂದಿರುವ ಹಿರಿಯರಿಗೆ, ತಾಯಂದಿರಿಗೆ, ಗುರುಬಸವ್ವನ ಮನೆಯವರಿಗೆ ನನ್ನ ಶರಣು.

ಮೊದಲೇ ಹೇಳಿಬಿಡುತ್ತೇನೆ — ಬರೆದು ಓದುವುದು ನನಗೆ ಆಗಿಬರುವುದಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಮಂಟಪ ಕಟ್ಟು ಅನ್ನಿ, ಕಟ್ಟುತ್ತೇನೆ. ಏಣಿ ಹತ್ತು ಅನ್ನಿ, ಈ ವಯಸ್ಸಿನಲ್ಲೂ ಹತ್ತುತ್ತೇನೆ. ಪೆನ್ನು ಹಿಡಿ ಅಂದರೆ ಸಿಟ್ಟು ಬರುತ್ತದೆ. ಆದರೆ ಗುರುಬಸವ್ವನ ಅಣ್ಣನ ಮಗ ಶ್ರೀಶೈಲ — ಅಗೋ, ಮೈಕಿನ ಪಕ್ಕ ಕೂತಿದ್ದಾನಲ್ಲ — ಅವನು ಮನೆಗೆ ಬಂದು ಬೆನ್ನು ಹತ್ತಿದ. "ರಾಯಪ್ಪ ಕಾಕಾ, ಬರಕೊಂಡ ಬರ್ರಿ. ಬರೇ ಬಾಯಿಲೆ ಮಾತಾಡಾಕ ನಿಂತ್ರ ನೀವು ಜಗಳಾ ತಗೀತೀರಿ" ಅಂದ. ಬರೆದರೆ ಜಗಳ ಬರುವುದಿಲ್ಲ ಅನ್ನುವುದು ಅವನ ತಿಳುವಳಿಕೆ. ಇರಲಿ. ಬರೆದುಕೊಂಡೇ ಬಂದಿದ್ದೇನೆ.

ಈ ಫೋಟೋ ನೋಡಿ. ಎಲ್ಲರೂ ನೋಡಿ. ಗುಲಾಬಿ ಹಾರ ಹಾಕಿದ್ದೀರಿ. ಅವಳಿದ್ದಿದ್ದರೆ ದಾರ ಕಾಣುತ್ತದೆ, ಬಿಚ್ಚಿ ಮತ್ತೆ ಕಟ್ಟಿ ಅಂತ ಬೈಯುತ್ತಿದ್ದಳು. ಬೈಲಹೊಂಗಲದ ಈ ಕಲ್ಯಾಣ ಮಂಟಪ ಆದಾಗಿನಿಂದ ಇಲ್ಲಿ ನಡೆದ ಮದುವೆಗಳ ಹೂವು, ಝಲ್ಲರಿ, ತೋರಣ, ಬಣ್ಣದ ಕಾಗದದ ಪರಪರಿ — ಎಲ್ಲ ಅವಳ ಕೈಯವು. ಆದರೆ ಮದುವೆ ಇದ್ದಾಗ ಅವಳು ಈ ವೇದಿಕೆ ಹತ್ತಿದ್ದನ್ನು ಕಂಡವರು ಯಾರಾದರೂ ಇದ್ದರೆ ಕೈ ಎತ್ತಿ. — ಇಲ್ಲ. ಇವತ್ತು ಹತ್ತಿದ್ದಾಳೆ. ಫೋಟೋ ಆಗಿ ಹತ್ತಿದ್ದಾಳೆ.

ಚಚಡಿ ಊರಿನ ಸೊಸೆ ಅವಳು. ತೊಂಬತ್ತೊಂದರಲ್ಲಿ ಗಂಡ ತೀರಿಕೊಂಡ ಮೇಲೆ ಇಲ್ಲಿ ಅಣ್ಣನ ಮನೆಗೆ ಬಂದಳು. ಬರುವಾಗ ಒಂದು ಕತ್ತರಿ ತಂದಿದ್ದಳು. ನಾನು ಬೆಳಗಾವಿಗೆ ಹೋದಾಗಲೆಲ್ಲ ಪತಂಗದ ಹಾಳೆ ತಂದುಕೊಡುತ್ತಿದ್ದೆ, ಗಾಳಿಪಟಕ್ಕೆ ಹಚ್ಚುವ ತೆಳು ಹಾಳೆ. ಮೈದಾ ಹಿಟ್ಟು ಕುದಿಸಿ ಅಂಟು ಮಾಡುತ್ತಿದ್ದಳು. ಜಿರಲೆ ತಿನ್ನಬಾರದು ಅಂತ ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದಳು. ಅವಳ ಕಾಗದದ ಗಿಳಿಗಳು ಕಿತ್ತೂರಿನ ತೊಟ್ಟಿಲುಗಳ ಮೇಲೆ ತೂಗಿದವು. ಸವದತ್ತಿ, ರಾಮದುರ್ಗಗಳಲ್ಲಿ ಕುಬಸಕ್ಕೆ ಕೂತ ಬಸುರಿಯರ ಕುರ್ಚಿಗೆ ಅವಳ ಹೂವು ಹೋದವು. ಹುಟ್ಟುಹಬ್ಬಕ್ಕೆ ಹೋದವು, ಗೃಹಪ್ರವೇಶಕ್ಕೆ ಹೋದವು. ಹೂವು ಹೋದವು, ಅವಳು ಹೋಗಲಿಲ್ಲ. ಕರೆದವರಿಲ್ಲ. ಯಾಕೆ ಅಂತ ಇಲ್ಲಿ ಕೂತವರಿಗೆಲ್ಲ ಗೊತ್ತು, ಯಾರೂ ಹೇಳುವುದಿಲ್ಲ. ನಾನು ಹೇಳುತ್ತೇನೆ — ಗಂಡ ಸತ್ತವಳು, ಅದಕ್ಕೆ.

ಮದುವೆಯ ಹಂದರಗಂಬಕ್ಕೆ ಪೂಜೆ ಆಯಿತೆಂದರೆ ಅವಳು ಬಾಗಿಲು ದಾಟುವಂತಿರಲಿಲ್ಲ. ಪೂಜೆಗೆ ಮುಂಚೆ ಕಟ್ಟಿಬಿಡೋಣ ಎಂದರೆ ಕಾಗದದ ಕೆಲಸ ಹಾಗೆ ಇರುವುದಿಲ್ಲ. ಗಾಳಿ ಇದೆ, ಧೂಳಿದೆ, ಮಕ್ಕಳ ಕೈ ಇದೆ. ಮದುವೆಯ ಹಿಂದಿನ ಸಂಜೆಯೇ ಕಟ್ಟಬೇಕು. ಅದಕ್ಕೆ ನಾವಿಬ್ಬರೂ ಒಂದು ಉಪಾಯ ಮಾಡಿದೆವು. ಆ ಬಲಗಡೆಯ ಕಿಟಕಿ ನೋಡಿ, ಈಗ ಕೂಲರ್ ಕೂತಿದೆಯಲ್ಲ, ಅದರಾಚೆ ಓಣಿ. ಓಣಿಯಲ್ಲಿ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಅವಳು ನಿಲ್ಲುತ್ತಿದ್ದಳು. ಕೈಯಲ್ಲಿ ಕಾಗದದ ಎರಡು ಬಾವುಟ. ಹಸಿರು ಆಡಿಸಿದರೆ ಎಳೆ, ಕೆಂಪು ಆಡಿಸಿದರೆ ನಿಲ್ಲು. ನಾನು ಏಣಿಯ ಮೇಲೆ, ಹೀಗೆ, ಕುತ್ತಿಗೆ ತಿರುವಿಕೊಂಡು. ಓಣಿಯಲ್ಲಿ ಹೋಗುತ್ತಿದ್ದ ಲಕ್ಕಪ್ಪ ಒಮ್ಮೆ ನಿಂತು ಕೇಳಿದ, "ಏನವಾ ಗುರುಬಸವ್ವ, ಬೈಲಹೊಂಗಲಕ್ಕ ರೈಲು ಬಂತೇನು?" ಅವಳು ಬಾವುಟ ಇಳಿಸದೆ ಅಂದಳು, "ರೈಲು ಬಂದೈತಿ ಯಣ್ಣಾ. ಡ್ರೈವರ್‌ಗೆ ಕಣ್ಣು ಕಾಣವಲ್ವು." ಆ ಡ್ರೈವರ್ ನಾನೇ.

ಅವಳ ದೊಡ್ಡ ಕೆಲಸವೆಂದರೆ ಕಮಲ. ಮದುಮಕ್ಕಳ ತಲೆಯ ಮೇಲೆ, ಅಗೋ ಆ ಕೊಂಡಿಗೆ, ಕೆಳಮುಖವಾಗಿ ತೂಗುತ್ತಿತ್ತು. ಅರಳಿದರೆ ಚಕ್ಕಡಿಯ ಗಾಲಿಯಷ್ಟು. ತರುವಾಗ ಬೀಸಣಿಕೆಯ ಹಾಗೆ ಚಪ್ಪಟೆ ಮಡಚಿರುತ್ತದೆ. ನೆಲದ ಮೇಲೆ ಬಿಚ್ಚಿದರೆ ತನ್ನ ಭಾರಕ್ಕೇ ಕುಸಿಯುತ್ತದೆ. ಕೊಂಡಿಗೆ ಹಾಕಿದ ಮೇಲೆಯೇ ಎಸಳು ಎಸಳಾಗಿ ಬಿಚ್ಚಬೇಕು. ಮಡಚಿದ ಕ್ರಮ ತಪ್ಪಿದರೆ ಹರಿಯುತ್ತದೆ. ಅವಳು ಕಿಟಕಿಯ ಆಚೆಯಿಂದ ಬಾವುಟದಲ್ಲಿ ಹೇಳಿದ ಹಾಗೆ ನಾನು ಬಿಚ್ಚುತ್ತಿದ್ದೆ.

ತೊಂಬತ್ತೆಂಟರಲ್ಲಿ ಈ ಮಂಟಪದ ಕಮಿಟಿ ಅಧ್ಯಕ್ಷರು, ಮುಂದಿನ ಸಾಲಿನಲ್ಲಿ ಕೂತಿರುವ ನಮ್ಮ ಗಂಗಯ್ಯನವರು, ಮಗಳ ಮದುವೆ ಮಾಡಿದರು. ಕಮಲ ಅರಳಿತು. ಜನ ತಲೆ ಎತ್ತಿ ನೋಡಿದರು. ಗಂಗಯ್ಯನವರ ಹೆಂಡತಿ ರಾಚವ್ವನವರು ಕಿಟಕಿಯ ಹತ್ತಿರ ಹೋದರು. ರಾಚವ್ವನವರೇ, ನಿಮ್ಮ ಮಾತನ್ನು ನಾನು ಬದಲು ಮಾಡುವುದಿಲ್ಲ, ಇದ್ದ ಹಾಗೆ ಹೇಳುತ್ತೇನೆ.

"ಗುರುಬಸವ್ವ, ಕಮಲ ಭಾಳ ಛಂದ ಆಗೈತಿ. ನೀ ಅಲ್ಲೇ ನಿಂದ್ರವಾ, ಊಟಾ ಅಲ್ಲಿಗೇ ಕಳಸ್ತೇನಿ."

ಗುರುಬಸವ್ವ ಅಂದಳು, "ಯಕ್ಕಾ, ನನ್ನ ಕೈ ನಿಮಗ ನಡೀತೈತಿ. ಕಾಲು ಯಾಕ ನಡ್ಯಂಗಿಲ್ಲ?"

ಎಲ್ಲರೂ ನಕ್ಕರು. ಚಾಷ್ಟಿ ಮಾಡಿದಳು ಅಂದುಕೊಂಡರು. ನಾನು ಏಣಿಯ ಮೇಲಿದ್ದೆ, ಅವಳ ಮುಖ ನನಗೆ ಕಾಣುತ್ತಿತ್ತು. ಅವಳು ನಕ್ಕಿರಲಿಲ್ಲ.

ಆಮೇಲೆ ಆ ಕಿಟಕಿಗೆ ಕೂಲರ್ ಬಂತು. ನಿಮಗೆ ತಂಪಾಯಿತು, ಅವಳಿಗೆ ಒಳಗಿನದು ಕಾಣದಾಯಿತು. ಆಗ ಶ್ರೀಶೈಲನ ತಂಗಿ ಮಹಾನಂದಾಳಿಗೆ ಕೆಲಸ ಕಲಿಸಿದಳು. ಮಹಾನಂದಾಳ ಗಂಡ ಇದ್ದ, ಹಾಗಾಗಿ ಅವಳು ಒಳಗೆ ಬರಬಹುದಿತ್ತು. ಬಂದಳು, ಏಣಿ ಹತ್ತಿದಳು, ಕಮಲ ಬಿಚ್ಚಿದಳು. ಆ ಕೈ ನೋಡಿ ನಾನು ಏಣಿ ಹಿಡಿಯುವುದಕ್ಕೆ ನಿಂತೆ. ರಾಚವ್ವನವರೂ ಅವಳ ಹಣೆಗೆ ಕುಂಕುಮ ಹಚ್ಚಿ ಉಡಿ ತುಂಬಿ ಕಳಿಸಿದರು. ಎರಡು ಸಾವಿರದ ನಾಲ್ಕರಲ್ಲಿ ಯರಗಟ್ಟಿ ರಸ್ತೆಯ ಅಪಘಾತದಲ್ಲಿ ಅವಳ ಗಂಡ ಹೋದ. ಅದೇ ಕೈ, ಅದೇ ಕಮಲ, ಅದೇ ಏಣಿ. ಮುಂದಿನ ಮದುವೆಗೆ ಅವಳನ್ನು ಬಾಗಿಲಲ್ಲಿ ತಡೆದರು. ತಡೆದವರು ಯಾರು? ಗಂಗಯ್ಯನವರೇ, ನೀವೇ.

ಇಲ್ಲಿಗೆ ಬಂದಾಗ ಶ್ರೀಶೈಲ ಕೆಮ್ಮುತ್ತಾನೆ ಅಂತ ಮನೆಯಲ್ಲೇ ಬರೆದಿಟ್ಟಿದ್ದೇನೆ. ಕೆಮ್ಮಪ್ಪ. ನಾನು ನಿಲ್ಲಿಸುವುದಿಲ್ಲ.

ತನಗೆ ಆದಾಗ ಗುರುಬಸವ್ವ ಒಂದು ಮಾತು ಆಡಿ ಬಿಟ್ಟಿದ್ದಳು. ಮಹಾನಂದಾಳಿಗೆ ಆದಾಗ ಬಿಡಲಿಲ್ಲ. ಅವತ್ತಿನಿಂದ ಕಮಲ ಮಾಡುವುದನ್ನೇ ನಿಲ್ಲಿಸಿದಳು. ಯಾರು ಕೇಳಿದರೂ ಇಲ್ಲ, ಎಷ್ಟು ಕೇಳಿದರೂ ಇಲ್ಲ. ಹೋದ ದೀಪಾವಳಿ ಮುಗಿದ ಮೇಲೆ ಗಂಗಯ್ಯನವರ ಮೊಮ್ಮಗಳು ಶೈಲಜಾ ತಾನೇ ನಡೆದು ಬಂದಳು. ಈ ಹುಡುಗಿಯ ತೊಟ್ಟಿಲಿಗೆ ಗಿಳಿ ಕಟ್ಟಿದ್ದೂ ಗುರುಬಸವ್ವನೇ. ಅಜ್ಜೀ, ನನ್ನ ಮದುವೆಗೆ ಕಮಲ ಬೇಕು ಅಂತ ಅಂಗಳದಲ್ಲಿ ಕೂತುಬಿಟ್ಟಳು. ನಾನೂ ಅಲ್ಲಿದ್ದೆ. ಗುರುಬಸವ್ವ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು. ಆಮೇಲೆ ಅಂದಳು, "ಮಾಡ್ತೇನಿ ಮಗಾ. ಆದ್ರ ಅದನ್ನ ಮಹಾನಂದಾ ಬಂದು ಬಿಚ್ಚತಾಳು. ನಿಮ್ಮ ಅಜ್ಜಗ ಇವತ್ತ ಹೇಳು. ನಾಳೆ ಗೊತ್ತಿರಲಿಲ್ಲ ಅನ್ನಬಾರದು."

ಹುಡುಗಿ ಒಪ್ಪಿದಳು. ಹೋಗಿ ಅಜ್ಜನಿಗೆ ಹೇಳಿದಳು. ಹೇಳಿದ್ದು ಹೌದೋ ಅಲ್ಲವೋ ಅಂತ ಅವಳನ್ನೇ ಕೇಳಿ, ಇಲ್ಲೇ ಇದ್ದಾಳೆ, ತಲೆ ತಗ್ಗಿಸಿ ಕೂತಿದ್ದಾಳೆ. ಶೈಲಜಾ, ನೀನು ತಲೆ ತಗ್ಗಿಸಬೇಡವ್ವ. ನೀನು ತಪ್ಪು ಮಾಡಿಲ್ಲ.

ಚಳಿಗಾಲ ಪೂರ್ತಿ ಗುರುಬಸವ್ವ ಆ ಕಮಲ ಮಾಡಿದಳು. ಒಳಗಿನ ಎಸಳು ಬಿಳಿ, ಹೊರಗೆ ಹೋದಂತೆ ಕೆಂಪು ಏರುತ್ತದೆ. ಹಾಳೆ ಅದೇ ಬಣ್ಣದಲ್ಲಿ ಸಿಗಲಿಲ್ಲ ಅಂತ ತಾನೇ ಬಣ್ಣದಲ್ಲಿ ಅದ್ದಿ ಒಣಗಿಸಿದಳು. ಕಡೆಗೆ ಸೋದರತ್ತೆ, ಸೊಸೆ ಇಬ್ಬರೂ ಎದುರುಬದುರು ಕೂತು ಮಡಚಿದರು. ಮಡಚಿ ಹಳೆಯ ಸೀರೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. "ಅಣ್ಣಾ, ಇದು ನಿನ್ನ ಮನ್ಯಾಗಿರಲಿ. ಬಿಚ್ಚಾಕ ನಿನಗೂ ಬರತೈತಿ. ನೀ ಬಿಚ್ಚಬ್ಯಾಡ" ಅಂದಳು. ಅದಾದ ಮೇಲೆ ಜ್ವರ ಹಿಡಿದು ಮಲಗಿದವಳು ಏಳಲಿಲ್ಲ.

ಅವಳ ಮಣ್ಣು ಮುಗಿಸಿ ಬಂದು ನಾನು ಕಾಲು ತೊಳೆದುಕೊಂಡಿದ್ದೇನೆ, ಅಷ್ಟರಲ್ಲೇ ಗಂಗಯ್ಯನವರ ಆಳು ವೀರಪ್ಪ ಬಂದು ಬಾಗಿಲಲ್ಲಿ ನಿಂತ. ಪಾಪ, ಅವನದೇನೂ ತಪ್ಪಿಲ್ಲ, ಹೇಳಿಕಳಿಸಿದ್ದನ್ನು ಹೇಳಿದ. "ಅಕಿ ಹೋದ್ಲು, ಅಕಿ ಮಾತೂ ಹೋತು. ಕಮಲ ನೀನ ಬಿಚ್ಚಬೇಕಂತ ರಾಯಪ್ಪ" ಅಂದ.

ಅಕಿ ಹೋದ್ಲು, ಅಕಿ ಮಾತೂ ಹೋತು.

ಗಂಗಯ್ಯನವರೇ, ಗಡಿಯಾರ ಆಮೇಲೆ ನೋಡಿಕೊಳ್ಳಿ. ಅವಳು ಹೋದಳು, ಸರಿ. ಆ ಮಾತು ಕೇಳಿದವನು ನಾನು ಇಲ್ಲೇ ನಿಂತಿದ್ದೇನೆ. ಮಹಾನಂದಾ ಒಳಗೆ ಬರಲಿ ಅಂತ ಗಂಡಸರನ್ನು ಕೇಳಿದರೆ ಹೆಂಗಸರು ಒಪ್ಪುವುದಿಲ್ಲ ಅನ್ನುತ್ತಾರೆ. ಹೆಂಗಸರನ್ನು ಕೇಳಿದರೆ ಹಿರಿಯರು ಒಪ್ಪುವುದಿಲ್ಲ ಅನ್ನುತ್ತಾರೆ. ಹಿರಿಯರು ಅಂದರೆ ಯಾರು? ಎಪ್ಪತ್ತು ದಾಟಿದ ನಾನು ಹಿರಿಯನಲ್ಲವೇ? ನಾನು ಒಪ್ಪಿದ್ದೇನೆ. ಮದುಮಗಳು ಒಪ್ಪಿದ್ದಾಳೆ. ಇನ್ನು ಉಳಿದವರು ನೀವು.

ಅಲ್ಲಿ ಬಾಗಿಲ ಹತ್ತಿರ ನೋಡಿ. ತನ್ನ ಸೋದರತ್ತೆಯ ಶ್ರದ್ಧಾಂಜಲಿಗೆ ಬಂದ ಮಹಾನಂದಾ ಹೊಸ್ತಿಲ ಆಚೆಯೇ ನಿಂತಿದ್ದಾಳೆ. ನಾವೇ ಹಚ್ಚಿದ ರೂಢಿ ಅದು. ಮಹಾನಂದಾ, ಒಳಗೆ ಬಾ ತಂಗಿ. ಇವತ್ತು ಯಾರೂ ತಡೆಯುವುದಿಲ್ಲ. ಅಳುವ ಕೆಲಸಕ್ಕೆ ನಿನ್ನ ಕಾಲು ಈ ಊರಿಗೆ ನಡೆಯುತ್ತದೆ. — ಬಾ. ಮುಂದೆ ಬಾ. ಫೋಟೋದ ಹತ್ತಿರ ನಿಲ್ಲು.

ಈಗ ಎಲ್ಲರೂ ಎದ್ದು ನಿಲ್ಲಿ. ಗುರುಬಸವ್ವನಿಗಾಗಿ ಎರಡು ನಿಮಿಷ ಸುಮ್ಮನಿರೋಣ. ಅವಳ ವಿಷಯದಲ್ಲಿ ಸುಮ್ಮನಿರುವುದು ನಮಗೆ ಹೊಸದೇನಲ್ಲ, ಕಷ್ಟವಾಗಲಿಕ್ಕಿಲ್ಲ.

ಸುಮ್ಮನೆ ನಿಂತಿರುವಾಗ ಗಂಗಯ್ಯನವರು ಇಷ್ಟು ಯೋಚಿಸಲಿ. ಮದುವೆ ಮೇ ಏಳಕ್ಕೆ. ಕಮಲ ನನ್ನ ಮನೆಯಲ್ಲಿದೆ. ನಾನು ಅದನ್ನು ಬಿಚ್ಚುವುದಿಲ್ಲ. ಮಹಾನಂದಾ ಈ ವೇದಿಕೆ ಹತ್ತಬೇಕೋ ಬೇಡವೋ — ಏಪ್ರಿಲ್ ಇಪ್ಪತ್ತರೊಳಗೆ ನನಗೆ ಉತ್ತರ ಬೇಕು. ಬರೆಯುವುದು ಬೇಡ. ನೀವೇ ಬಂದು ಬಾಯಿಂದ ಹೇಳಿ.