ಬೇಲಿ ಕಂಬದ ಮೇಲಿನ ಕ್ಯಾನು

...ಸರಿ, ನಿಂತೇ ಇರ್ತೀನಿ ಅಂದ್ರೆ ನಿಂತಿರು. ನಾಲ್ಕು ಸಲ ಕೂತ್ಕೋ ಅಂದೆ. ಸ್ವಂತ ಅಕ್ಕನ ಮನೆ, ಕುರ್ಚಿಯಲ್ಲೇನು ಮುಳ್ಳಿಲ್ಲ. ಆ ಕಾಗದ ಮಾತ್ರ ಓದು. ಓದಿದ್ಯಾ? ಎರಡೇ ಸಾಲು. 'ಈರುಳ್ಳಿಗೆ ಕಳೆ ಔಷಧಿ ಹೊಡೆಯುವಾಗ ನನ್ನ ಅಜಾಗರೂಕತೆಯಿಂದ ಪ್ರಮಾಣ ಹೆಚ್ಚಾಗಿ ನನ್ನ ಭಾವನವರ ಬೆಳೆ ಹಾಳಾಯಿತು, ಕ್ಷಮಿಸಬೇಕು.' ಅಷ್ಟೇ. ಕೆಳಗೆ ನಿನ್ನ ಸಹಿ. ಮಧ್ಯಾಹ್ನ ರೈತರ ಸಂಘದ ಸಭೆಯಲ್ಲಿ ನಾನೇ ಎದ್ದು ನಿಂತು ಹೇಳ್ತೀನಿ, ಭಾಮೈದ ತಪ್ಪು ಒಪ್ಕೊಂಡಿದಾನೆ, ಇದೊಂದ್ಸಲ ಬಿಟ್ಟುಬಿಡಿ ಅಂತ. ಸಹಿ ಹಾಕಲ್ಲ ಅಂದ್ಯೋ, ಔಷಧಿ ಹೊಡೆಯೋರ ಪಟ್ಟಿಯಿಂದ ನಿನ್ನ ಹೆಸರು ತೆಗೆದು ಹಾಕ್ತಾರೆ. ಆಮೇಲೆ ಆ ಪಂಪು ಬೆನ್ನಿಗೆ ಕಟ್ಕೊಂಡು ಯಾರ ಹೊಲಕ್ಕೆ ಹೋಗ್ತೀಯ?

ಯಾಕೆ ನಗ್ತೀಯ? ನಗೋ ವಿಷಯನಾ ಇದು?

ಬರುವಾಗ ಹೊಲ ನೋಡಿದ್ಯಲ್ಲ. ನೋಡೋದೇನು, ನಾತಾನೇ ದಾರಿ ತೋರಿಸುತ್ತೆ. ನಾಲ್ಕು ಎಕರೆ ಈರುಳ್ಳಿ, ಬೇಯಿಸಿ ಬಿಸಾಕಿದ ಹಾಗೆ ಮಲಗಿದೆ. ನಿನ್ನೆ ಒಂದು ಗಿಡ ಹಿಡಿದು ಎಳೆದೆ, ಗಿಡ ಬರಲಿಲ್ಲ, ಬರೀ ಲೋಳೆ ಬಂತು ಕೈಗೆ. ಮೂರು ಸಲ ಸೋಪು ಹಾಕಿ ತೊಳೆದೆ. ಊಟಕ್ಕೆ ಕೂತ್ರೆ ಬೆರಳಲ್ಲಿ ಅದೇ ವಾಸನೆ. ತಟ್ಟೆ ಹಾಗೇ ದೂಡಿ ಎದ್ದೆ. ನಿಮ್ಮಕ್ಕ ಯಾಕೆ ಅಂತ ಒಂದು ಮಾತು ಕೇಳಲಿಲ್ಲ. ಐದು ದಿನ ಆಯ್ತು ಅವಳು ನನ್ನ ಹತ್ರ ಮಾತಾಡಿ. ಬಡಿಸ್ತಾಳೆ, ಹೋಗ್ತಾಳೆ. ತಮ್ಮನ ಮೇಲೆ ಪ್ರೀತಿ, ಇರಲಿ, ತಪ್ಪಲ್ಲ. ನಷ್ಟ ಮಾತ್ರ ನಂದು.

ಒಂದು ಮಾತು ತಿಳ್ಕೋ, ನಾನು ಆ ಬಿಳಿ ಕ್ಯಾನಿನ ಜನ ಅಲ್ಲ. ಬಸ್ ನಿಲ್ದಾಣದ ಹಿಂದಿನ ಅಂಗಡಿಯಲ್ಲಿ ಅರ್ಧ ಬೆಲೆಗೆ ಕಳೆ ಔಷಧಿ ಸಿಗುತ್ತಲ್ಲ, ಹೆಸರಿಲ್ಲ ಕುಲ ಇಲ್ಲ, ಅದು. ಥೂ. ಅದನ್ನ ಕಂಡ್ರೇನೇ ವಾಕರಿಕೆ ನನಗೆ. ಚೀಟಿ ವಾರೆಯಾಗಿ ಅಂಟಿಸಿರ್ತಾರೆ, ಬೆವರಿನ ಕೈ ತಾಗಿದ್ರೆ ಕಿತ್ತು ಬರುತ್ತೆ. ಮುಚ್ಚಳ ತೆಗೆದ್ರೆ ಕೊಳೆತ ಮೊಟ್ಟೆ ಮೇಲೆ ಸೀಮೆಎಣ್ಣೆ ಸುರಿದ ನಾತ. ಬಗ್ಗಿಸಿದ್ರೆ ಗಳಗಳ ಅಂತ ಒಂದೇ ಸಲ ಬರುತ್ತೆ, ಕೈಮೇಲೆಲ್ಲ ಚೆಲ್ಲಿ, ಬಚ್ಚಲು ತುಂಬ ನೊರೆ...

ಏನು?... ನನಗೆ ಹೇಗೆ ಗೊತ್ತು ಅಂತನಾ? ಕೇಳಿದೀನಪ್ಪ. ಊರಲ್ಲಿ ಅರ್ಧ ಜನ ಅದನ್ನೇ ತರ್ತಾರೆ, ಹೇಳ್ತಾರೆ, ಕಿವಿಗೆ ಬೀಳುತ್ತೆ. ಬಚ್ಚಲು ಅಂದ್ರೆ... ಯಾರದೋ ಬಚ್ಚಲು. ಮಾತಿನ ಮಧ್ಯೆ ಹುಬ್ಬು ಏರಿಸಬೇಡ.

ನಮ್ಮ ಬೇಲಿ ನೋಡು ಬೇಕಿದ್ರೆ. ಪ್ರತಿ ಕಂಬದ ಮೇಲೂ ಬೋರಲು ಹಾಕಿರೋ ಹಸಿರು ಕ್ಯಾನು. ಕಂಪನಿದು. ಔಷಧಿ ಹೊಡೆದಿದೆ, ದನ ಬಿಡಬೇಡಿ ಅಂತ ಗುರುತಿಗೆ ಯಾರೋ ಶುರು ಮಾಡಿದ್ದು. ಈಗ ದನ ನೋಡುತ್ತೋ ಇಲ್ಲವೋ, ಜನ ಮಾತ್ರ ನೋಡ್ತಾರೆ. ಪಕ್ಕದ ಹೊಲದ ಮೇಷ್ಟ್ರು ಬೆಳಿಗ್ಗೆ ವಾಕಿಂಗ್ ಹೋಗ್ತಾ ಯಾರ ಕಂಬದ ಮೇಲೆ ಯಾವ ಬಣ್ಣ ಅಂತ ನೋಡ್ಕೊಂಡೇ ಹೋಗೋದು. ಹೋದ ವರ್ಷ ಯಾರೋ ಪಾಪದೋನು ಬಿಳಿದು ಹಾಕಿದ್ದ. 'ಏನಪ್ಪಾ, ಕಳೆಗೆ ಗಂಜಿನೀರು ಹೊಡೆದ್ಯಾ?' ಅಂದ್ರು ಮೇಷ್ಟ್ರು, ಸಭೆಯಲ್ಲಿ, ಎಲ್ಲರ ಎದುರಿಗೆ. ಎಲ್ಲಾರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ ಇರಬೇಕು.

ಅದಿರಲಿ ಬಿಡು. ಪೆನ್ನು ತಗೋ.

ತಗೊಳ್ಳಲ್ಲ. ಯಾಕೆ, ನೀನು ಕುಡಿದಿದ್ದೆ ಅಂತ ನಾನು ಹೇಳಿದ್ದಕ್ಕೆ ಕೋಪನಾ? ಕುಡಿದಿದ್ದ ಅಂತ ನಾನು ಹೇಳಲಿಲ್ಲ ಮಾರಾಯ. ಇರಬಹುದು ಅಂದೆ, ಅಷ್ಟೇ. ಮೇಷ್ಟ್ರು ಕೇಳಿದ್ರು, 'ಇಪ್ಪತ್ತು ವರ್ಷದ ಅನುಭವ ಇರೋನು ಹೀಗೆ ಮಾಡ್ತಾನೇನ್ರೀ?' ಅಂತ. ಏನು ಹೇಳಲಿ? ಹಳೇ ಚಾಳಿ, ಮತ್ತೆ ಶುರುವಾಗಿರಬಹುದು ಅಂದೆ. ಜನ ಅದಕ್ಕೆ ರೆಕ್ಕೆಪುಕ್ಕ ಕಟ್ಟಿದ್ರು. ಒಬ್ಬ ನೀನು ತೂರಾಡ್ತಿದ್ದೆ ಅಂದ, ಇನ್ನೊಬ್ಬ ಬದು ಮೇಲೆ ಮಲಗಿದ್ದೆ ಅಂದ. ಅದಕ್ಕೆಲ್ಲ ನಾನು ಜವಾಬ್ದಾರನಾ? ನೀನು ಬಿಟ್ಟು ನಾಲ್ಕು ವರ್ಷ ಆಯ್ತು ಅಂತ ನನಗೆ ಗೊತ್ತು. ಬಿಡಿಸೋಕೆ ಆಸ್ಪತ್ರೆಗೆ ಕರ್ಕೊಂಡು ಹೋದವನೇ ನಾನು. ಮರೆತುಬಿಟ್ಯಾ?

ಹಾಗೆ ನೋಡಬೇಡ. ಬಾಯಿ ಬಿಟ್ಟು ಬೈಯಿ ಬೇಕಿದ್ರೆ, ತಡ್ಕೋತೀನಿ. ಹೀಗೆ ಗೋಡೆ ಥರ ನಿಂತ್ರೆ ಏನು ಅರ್ಥ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತ ಗಾದೆ ಇದೆ. ತಪ್ಪಿಲ್ಲದವನು ತಪ್ಪಿಲ್ಲ ಅಂತ ಹೇಳ್ತಾನೆ. ನೀನು ಹೇಳ್ತಾ ಇದೀಯಾ? ಇಲ್ಲ. ನಾನೇ ಮಾತಾಡ್ತಿದೀನಿ ಬಂದಾಗಿಂದ.

ಸರಿ, ಜಗಳ ಬೇಡ. ಸಹಿ ಆಮೇಲೆ. ಒಂದು ಮಾತು ಹೇಳು, ಟ್ಯಾಂಕಿಗೆ ಎಷ್ಟು ಹಾಕಿದೆ? ಬಾಯಲ್ಲಿ ಹೇಳು. ...ಬೆರಳು ತೋರಿಸ್ತೀಯ. ಎರಡು. ಎರಡು ಮುಚ್ಚಳ, ಅಲ್ವಾ? ನೋಡು, ನೋಡು, ಈಗ ಬಂದೆ ದಾರಿಗೆ. ಅಲ್ಲೇ ಇರೋದು ತಪ್ಪು. ಎರಡು ಯಾಕೆ ಹಾಕಬೇಕಿತ್ತು? ಅದಕ್ಕೆ ಒಂದೇ ಮುಚ್ಚಳ ಸಾಕು. ಎರಡು ಹಾಕಿದ್ರೆ ಸುಟ್ಟು ಹೋಗದೆ ಇನ್ನೇನಾಗುತ್ತೆ? ಒಂದು ಹಾಕಿದ್ರೆ ಕಳೆ ಸಾಯ್ತಿತ್ತು, ಈರುಳ್ಳಿ ಉಳೀತಿತ್ತು. ಇದನ್ನ ನಾನು ಸಭೆಯಲ್ಲಿ...

ಏನು?

ಯಾಕೆ, ಏನಾಯ್ತು?

ಹೌದು, ಕ್ಯಾನಿನ ಮೇಲೆ ಎರಡು ಅಂತ ಬರೆದಿದೆ. ಹೌದು, ಇಪ್ಪತ್ತು ವರ್ಷದಿಂದ ನೀನು ಎರಡೇ ಹಾಕ್ತಾ ಬಂದಿದೀಯ. ಯಾರಿಲ್ಲ ಅಂದ್ರು? ಮೇಷ್ಟ್ರ ಹೊಲಕ್ಕೂ ಎರಡೇ ಹಾಕಿದೀಯ, ಅವರ ಈರುಳ್ಳಿ ಚೆನ್ನಾಗೇ ಇದೆ. ಕಂಪನಿದಕ್ಕೆ ಎರಡು. ಸರಿ. ನಾನು ಹೇಳಿದ್ದು ಇದಕ್ಕೆ...

ಇದಕ್ಕೆ ಅಂದ್ನಾ ನಾನು?

ನೀನು ಕೂತ್ಕೊಂಡುಬಿಟ್ಯಲ್ಲ. ಅಷ್ಟು ಹೇಳಿದ್ರೂ ಕೂರದೋನು ಈಗ ಕೂತ್ಕೊಂಡ್ಯಾ? ನಾನು ಹೇಳಿದ್ದು ಸಾಮಾನ್ಯವಾಗಿ... ಬಿಸಿಲು ಜಾಸ್ತಿ ಇದ್ರೆ ಕಡಿಮೆ ಹಾಕಬೇಕು ಅಂತ... ಬಿಸಿಲಿರಲಿಲ್ಲ ಅವತ್ತು. ಗೊತ್ತು. ಮೋಡ ಇತ್ತು.

ಏನಾದ್ರೂ ಅನ್ನೋ.

ಮೂರು ವರ್ಷದಲ್ಲಿ ಕಂಪನಿಯವರು ಎಷ್ಟು ಸಲ ಬೆಲೆ ಏರಿಸಿದ್ರು ಗೊತ್ತಾ ನಿನಗೆ? ಬಿಳಿ ಕ್ಯಾನಿನ ಒಳಗಿರೋ ಮದ್ದೂ ಅದೇ ಅಂತೆ ಕಣೋ. ಅಂಗಡಿಯವನು ಚೀಟಿ ಬಿಚ್ಚಿ, ಎರಡು ಕ್ಯಾನಿಂದನ್ನೂ ಪಕ್ಕಪಕ್ಕ ಇಟ್ಟು ಓದಿ ತೋರಿಸಿದ. 'ಮದ್ದು ಒಂದೇ ಯಜಮಾನ್ರೇ, ಇದು ಎರಡರಷ್ಟು ಗಟ್ಟಿ, ಒಂದೇ ಮುಚ್ಚಳ ಹಾಕಿ' ಅಂದ. ಎರಡು ಸಲ ಹೇಳಿದ. ಒಳ್ಳೇ ಮನುಷ್ಯ. ಬಿಳಿದನ್ನೇ ಕೊಂಡು ತಂದೆ. ತರೋದೇನೋ ತಂದೆ, ಆದ್ರೆ ಆ ಬಿಳಿ ಕ್ಯಾನನ್ನ ನಮ್ಮ ಕಂಬದ ಮೇಲೆ ಹೇಗೆ ಬೋರಲು ಹಾಕಲಿ? ಅದಕ್ಕೇ ಹಳೇ ಹಸಿರು ಕ್ಯಾನಿಗೆ ಸುರಿದೆ. ಬಚ್ಚಲಲ್ಲಿ, ಬಾಗಿಲು ಹಾಕ್ಕೊಂಡು, ಕಳ್ಳನ ಥರ. ಬಿಳಿ ಕ್ಯಾನನ್ನ ಕುಯ್ದು ತಿಪ್ಪೆಯಲ್ಲಿ ಹೂತೆ. ನಿಮ್ಮಕ್ಕ ನೋಡಿದ್ಲು. 'ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು' ಅಂದ್ಲು, ಒಳಗೆ ಹೋದ್ಲು.

ನಿನಗೆ ಹೇಳಬೇಕಿತ್ತು. ಒಂದೇ ಮುಚ್ಚಳ ಹಾಕು ಅಂತ ಅಷ್ಟೇ ಹೇಳಿದ್ರೂ ಸಾಕಿತ್ತು. ಹೇಳೋಣ ಅಂತಾನೇ ಹೊಲಕ್ಕೆ ಬಂದೆ. ಮೇಷ್ಟ್ರು ಬದು ಮೇಲೆ ನಿಂತಿದ್ರು. 'ಪರವಾಗಿಲ್ಲ ಕಣ್ರೀ, ನೀವೊಬ್ರು ಕಂಪನಿ ಬಿಟ್ಟಿಲ್ಲ' ಅಂತ ಬೆನ್ನು ತಟ್ಟಿದ್ರು. ಅವರ ಎದುರಿಗೆ ನಾನು ಹೇಗೆ... ನೀನು ಅಷ್ಟರಲ್ಲಿ ಮುಚ್ಚಳ ತೆಗೆದಿದ್ದೆ. ವಾಸನೆ ನೋಡಿ ನನ್ನ ಕಡೆ ತಿರುಗಿದೆ. ಏನೋ ಕೇಳೋಕೆ ಬಾಯಿ ತೆರೆದೆ. 'ಹಾಕೋ ಹಾಕೋ, ಏನು ಹೊಸಬನ ಥರ' ಅಂದೆ ನಾನು. ಅಂದ್ನಲ್ಲ. ಮೇಷ್ಟ್ರೂ ನಕ್ಕರು.

ನೀನು ಅವತ್ತೇ ವಾಸನೆ ಹಿಡಿದಿದ್ದೆ. ಐದು ದಿನದಿಂದ ಗೊತ್ತು ನಿನಗೆ. ಗೊತ್ತಿದ್ದೂ ಊರಲ್ಲಿ ಯಾರ ಹತ್ರಾನೂ ಹೇಳಲಿಲ್ಲ. ಇಲ್ಲಿ ಬಂದೂ ಹೇಳಲಿಲ್ಲ. ಕುಡುಕ ಅನ್ನಿಸ್ಕೊಂಡು ಸುಮ್ಮನೆ ನಿಂತಿದೀಯ, ನಾನೇ ಹೇಳಲಿ ಅಂತ ಕಾಯ್ತಾ.

ಆ ಕಾಗದ ಕೊಡಿಲ್ಲಿ. ಕೊಡು ಅಂದೆ. ಹರಿದು ಬಿಸಾಕ್ತೀನಿ. ಸಭೆಗೆ ನೀನು ಬರಬೇಡ. ಇಲ್ಲ, ಬಾ. ಮುಂದೆ ಕೂತ್ಕೋ. ಮೇಷ್ಟ್ರ ಪಕ್ಕದಲ್ಲೇ ಕೂತ್ಕೋ. ಔಷಧಿ ಸರಿಯಾಗಿತ್ತು ಅಂತೀನಿ. ಹೊಡೆದವನೂ ಸರಿಯಾಗಿ ಹೊಡೆದ, ಬಿಳಿದನ್ನ ಹಸಿರು ಕ್ಯಾನಿಗೆ ಸುರಿದು ಮುಚ್ಚಿಟ್ಟವನು ನಾನು ಅಂತೀನಿ. ನಗ್ತಾರೆ. ನಗಲಿ.

ಇನ್ನೂ ಏನು ಬೇಕೋ ನಿನಗೆ? ಎಲ್ಲಾ ಹೇಳಿ ಆಯ್ತಲ್ಲ. ಯಾಕೆ ಎದ್ದು ಹೋಗ್ತಿಲ್ಲ?

ಇಲ್ಲ. ಎಲ್ಲಾ ಹೇಳಿಲ್ಲ.

ಅವತ್ತು ಪಂಪು ನಿನ್ನ ಬೆನ್ನಿಗೆ ಏರಿಸಿದವನು ನಾನೇ. ನಿನ್ನ ಮುಖ ನನ್ನ ಮುಖಕ್ಕೆ ಇಷ್ಟು ಹತ್ರ ಇತ್ತು. ನೀನು ಕುಡಿದಿರಲಿಲ್ಲ. ಅದು ನನಗೆ ಆಗಲೇ ಗೊತ್ತಿತ್ತು.