ಸೆರೆಯಾಳಿನ ಒಪ್ಪಿಗೆ

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ಹೊರಗಿನ ಕಲ್ಲುಗಣಿಯಲ್ಲಿ ಡ್ರ್ಯಾಗನ್ ಧಾರಾವಾಹಿಯ ಶೂಟಿಂಗ್. ನನ್ನದು ಹೆಣದ ಪಾತ್ರ. ಚಹಾದ ಸಾಲಿನಲ್ಲಿ ನನ್ನ ಮುಂದೆ ಸೆರೆಯಾಳು ವೇಷದ ಡಿಂಪ್ನಾ ಮತ್ತು ಊನಾ ಮುಖಕ್ಕೆ ಮಸಿ ಬಳಿದುಕೊಂಡು ನಿಂತಿದ್ದರು. ಹೆಣಕ್ಕೆ ಬಾಯಿಲ್ಲದಿದ್ದರೇನು, ಕಿವಿಯಿದೆಯಲ್ಲ!

“ಊನಾ, ನಿನ್ನನ್ನ ಹೊತ್ಕೊಂಡು ಹೋಗೋ ಸೀನು ಯಾಕೆ ನಿಂತೋಯ್ತೇ?”

“ಕೂದಲು ಹಿಡಿದು ಎಳೀಲಾ ಅಂತ ಆ ದಾಂಡಿಗನ ಪಾತ್ರದೋನು ಕೇಳ್ದ. ಬೇಡ ಅಂದೆ.”

“ಊರು ಸುಡೋಕೆ ಬಂದೋನು ಕೇಳ್ದನಾ?”

“ಮುಟ್ಟೋ ಮುಂಚೆ ಕೇಳ್ಬೇಕು ಕಣೇ, ಈಗ ಅದೇ ನಿಯಮ. ಅದನ್ನ ನೋಡ್ಕೊಳ್ಳೋಕೇ ಒಬ್ಬಳು ಬಂದಿದಾಳೆ.”

“ಕುದುರೆಗಳಿಗೆ ಅಂಥೋರು ಮೊದಲಿಂದ್ಲೂ ಇದ್ರು.”

“ಕುದುರೆ ಬೆದರಿದ್ರೆ ಶೂಟಿಂಗ್ ನಿಲ್ಲಿಸ್ತಿದ್ರು. ನಾವು ಬೆದರಿದ್ರೆ ‘ಭಲೇ ನಟನೆ’ ಅಂತಿದ್ರು.”

“ಕಥೇಲೂ ಕೇಳ್ತಾನಾ?”

“ಕಥೇಲಿ ಯಾರು ಕೇಳ್ತಾರೆ? ರಾಣಿ ರಾತ್ರಿಯೆಲ್ಲಾ ಬೇಡ ಬೇಡ ಅಂತ ಅಳ್ತಾಳೆ. ಬೆಳಗಾದ್ರೆ ಬಲವಂತ ಮಾಡಿದೋನ ಮೇಲೇ ಪ್ರೀತಿ!”

“ಬರೆದೋನಿಗೆ ಮದುವೆ ಆಗಿಲ್ವೇನೋ.”

“ಆಗಿದೆ. ಅದಕ್ಕೇ ಇಂಥ ಕನಸು.”

ಅಷ್ಟರಲ್ಲಿ ಗಡ್ಡದ ದಾಂಡಿಗನೇ ಬಂದು, ಕೊಡಲಿ ಕೆಳಗಿಟ್ಟು, ಕೈಕಟ್ಟಿ ನಿಂತ.

“ಊನಾ ಅವರೇ, ಕೂದಲು ಬಿಟ್ಬಿಡ್ತೀನಿ. ಹೆಗಲ ಮೇಲೆ ಹೊತ್ಕೊಳ್ಳಲಾ?”

“ಹೊತ್ಕೋಪ್ಪಾ. ಚಹಾ ಮುಗೀಲಿ.”

ಅವನು ಕಾದ.

“ಇಷ್ಟು ವರ್ಷ ಸಂಸಾರ ಮಾಡಿದೀನಿ. ನಮ್ಮನೆಯವರು ಒಂದ್ಸಲನೂ ಹೀಗೆ ಕೇಳಿಲ್ಲ ಕಣೇ,” ಎಂದಳು ಡಿಂಪ್ನಾ.

“ಕೇಳಿದ್ರೆ ಬೇಡ ಅನ್ನೋಕೆ ಬರುತ್ತಾ ನಿಂಗೆ?”

“ಅಭ್ಯಾಸ ಇಲ್ಲ.”

ಊನಾ ಲೋಟ ಇಟ್ಟು ದಾಂಡಿಗನ ಜೊತೆ ಹೊರಟಳು. ಹಿಂದೆಯೇ ಡಿಂಪ್ನಾ “ಬೇಡ, ಬೇಡ” ಎಂದು ತನ್ನಷ್ಟಕ್ಕೆ ಗೊಣಗುತ್ತಾ ಹೋದಳು. ಗಣಿಯ ತಿರುವು ದಾಟುವಾಗ ಅದು ಗಟ್ಟಿಯಾಗಿಯೇ ಕೇಳಿಸಿತು.