ಕಣ್ಣು ಬಿಡದ ಬೊಂಬೆ

ಕೆಂಗಲ್ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ಇಬ್ಬರು ಕೂತಿದ್ದರು. ಒಬ್ಬ ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವನು, ಇನ್ನೊಬ್ಬ ಅವನ ಗೆಳೆಯ. ಬೊಂಬೆಯವನ ತೊಡೆಯ ಮೇಲೆ ಅವನೇ ಮಾಡಿದ ಮರದ ಹುಡುಗಿ ಬೊಂಬೆ, ಕಣ್ಣು ಮುಚ್ಚಿಕೊಂಡು ಮಲಗಿತ್ತು.

“ಏನ್ಲಾ ಸಮದ್, ನಿನ್ ಬೊಂಬೆಗಳೆಲ್ಲಾ ಯಾವಾಗ್ಲೂ ನಿದ್ದೆನೇ ಹೊಡೀತವಲ್ಲ?”

“ಕಣ್ಣು ಇಟ್ರೆ ಜೀವ ಕೊಟ್ಟಂಗೆ, ಅದು ಅಲ್ಲಾನ ಕೆಲ್ಸ ಅಂತಿದ್ರು ನಮ್ ಅಬ್ಬಾ. ಕಣ್ಣಿಲ್ದಿದ್ರೆ ಅದು ಬೊಂಬೆಯಲ್ಲ, ಸೌದೆ ಅಂತಿದ್ರು ಕೆಲ್ಸ ಕಲ್ಸಿದ ಉಸ್ತಾದ್. ಇಬ್ರಿಗೂ ಹೆದ್ರಿ ಮುಚ್ಚಿದ ರೆಪ್ಪೆ ಬರ್ದೆ.”

“ಅದಕ್ಕೇ ಅಲ್ವೇನ್ಲಾ ನಿಂಗೆ ಪ್ರಶಸ್ತಿ ಬಂದಿದ್ದು!”

“ಅದ್ರಲ್ಲೇ ಸಿಗಾಕ್ಕೊಂಡಿವ್ನಿ ಕಣೋ ಮಧು. ಅವ್ರಿಬ್ರೂ ಈಗಿಲ್ಲ. ಒಂದ್ ಬೊಂಬೆನಾದ್ರೂ ಎಬ್ಬುಸು ಅಬ್ಬಾ ಅಂತಾಳೆ ನನ್ ಮಗ್ಳು ಮೆಹ್ರೀನ್. ಕುಂಚ ಕಣ್ಣತ್ರ ಹೋದ್ರೆ ಸಾಕು, ಕೈ ನಿಂತೋಯ್ತದೆ.”

“ಮಗೀಗೆ ಏನಂದೆ?”

“ಬೊಂಬೆಗ್ಳು ಮಲ್ಗವೆ, ಗಲಾಟೆ ಮಾಡ್ಬ್ಯಾಡ ಅಂತ ಗದರ್ಬುಟ್ಟೆ.”

“ಸುಮ್ಕಾದ್ಲಾ?”

“ಎರಡ್ ತಿಂಗ್ಳಾಯ್ತು. ಮನೇಲಿ ಪಿಸುಪಿಸು ಅಂತ್ಲೇ ಮಾತಾಡ್ತಾಳೆ.”

ರಾಮನಗರದ ಬಸ್ಸು ಬಂತು. ಸಮದ್ ಬೊಂಬೆಯನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡ.

“ನಡೀಲಾ, ಹತ್ತು” ಅಂದ ಮಧು, ಬೊಂಬೆಯ ಕಡೆ ನೋಡಿ ದನಿ ತಗ್ಗಿಸಿ.